ಉಮೇಶನ ಸ್ವರವನ್ನು ಅಳಿಸಿದವಳು

ಕಾಸರಕೋಡಿನ ಆ ಮನೆಯ ಕಂಪ್ಯೂಟರಿಗೆ ವೈರಸ್ ಹೊತ್ತುಕೊಂಡು ಹೋದವಳು ನಾನು. ವಿನುತಾ ಅಲ್ಲ. ಅವಳು ಯಾವ ಲಿಂಕನ್ನೂ ಒತ್ತಿರಲಿಲ್ಲ, ನೋಡಬಾರದ್ದನ್ನು ನೋಡಿರಲಿಲ್ಲ, ಯಾವ ಹುಡುಗನಿಗೂ — ಆಮೇಲೆ ಕೇರಿಯಲ್ಲಿ ಹುಟ್ಟಿಕೊಂಡ ಮಾತು ಅದು — ಏನನ್ನೂ ಕಳಿಸಿರಲಿಲ್ಲ. ಅವಳು ನನ್ನನ್ನು ಎಚ್ಚರಿಸಿದ್ದಳು, ಅಷ್ಟೇ. ನಾನು ಅವಳ ಬಾಯಿ ಮುಚ್ಚಿಸಿದೆ. ನಾಲ್ಕು ದಿನ ಕಳೆದ ಮೇಲೆ ತಪ್ಪನ್ನು ಅವಳ ತಲೆಗೇ ಕಟ್ಟಿದೆ. ಈ ಇಷ್ಟು ಮಾತನ್ನು ಬಾಯಿ ಬಿಟ್ಟು ಹೇಳುವುದಕ್ಕೆ ನನಗೆ ಆರು ವರ್ಷ ಬೇಕಾಯಿತು.

ನನ್ನ ಹೆಸರು ಸುಜಾತ. ಹೊನ್ನಾವರದಲ್ಲಿ, ಬಸ್‌ಸ್ಟ್ಯಾಂಡಿನಿಂದ ತುಸು ದೂರ, ಒಂದು ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ ಕಂಪ್ಯೂಟರ್ ರಿಪೇರಿಯ ಕೋಣೆ ಇಟ್ಟುಕೊಂಡಿದ್ದೇನೆ. ಈ ಕೆಲಸ ಮಾಡುವ ಹೆಂಗಸರು ನಮ್ಮ ಕಡೆ ಕಡಿಮೆ. ಹೀಗಾಗಿ ಗಂಡಸರು ಕಡಲಿಗೆ ಹೋಗಿರುವ ಮನೆಗಳು, ಹರೆಯದ ಹೆಣ್ಣುಮಕ್ಕಳಿರುವ ಮನೆಗಳು, ಎಲ್ಲ ನನ್ನನ್ನೇ ಕರೆಯುತ್ತಿದ್ದವು. ಕುಮಟೆಯಿಂದ ಭಟ್ಕಳದವರೆಗೂ ಓಡಾಡಿದ್ದೇನೆ. ಶಾಲೆಗಳಲ್ಲಿ ಕರೆದು ಭಾಷಣ ಮಾಡಿಸಿದ್ದಾರೆ. ಗೊತ್ತಿಲ್ಲದ ಫೈಲನ್ನು ತೆರೆಯಬೇಡಿ, ಕದ್ದ ತಂತ್ರಾಂಶ ಹಾಕಿಕೊಳ್ಳಬೇಡಿ, ಮುಖ್ಯವಾದದ್ದರ ಇನ್ನೊಂದು ಪ್ರತಿಯನ್ನು ಬೇರೆ ಕಡೆ ತೆಗೆದಿಡಿ ಎಂದು ಮಕ್ಕಳಿಂದ ಗಟ್ಟಿಯಾಗಿ ಹೇಳಿಸಿದ್ದೇನೆ. ಗೊತ್ತಿಲ್ಲದೆ ಮಾಡಿದೆ ಎಂದು ಹೇಳುವ ದಾರಿ ನನಗಿಲ್ಲ.

ಶರಾವತಿಯ ಸೇತುವೆ ದಾಟಿದರೆ ಕಾಸರಕೋಡು. ಅಲ್ಲಿ ಕಡಲಿನ ಕಡೆಯ ಕೇರಿಯಲ್ಲಿ ಮಾದೇವಕ್ಕನ ಮನೆ. ಬೆಳಿಗ್ಗೆ ಬುಟ್ಟಿ ಹೊತ್ತು ಹೊನ್ನಾವರದ ಪೇಟೆಗೆ ಬಂದು ಮೀನು ಮಾರುತ್ತಿದ್ದರು. ಗಂಡ ಗಣಪತಣ್ಣ ಬಲೆ ಕಟ್ಟುವುದರಲ್ಲಿ ಹೆಸರಾದವರು. ಮಗ ಉಮೇಶ ಬೋಟಿನಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದ. ಮಗಳು ವಿನುತಾ ಆಗ ಬಿ.ಕಾಂ. ಎರಡನೆಯ ವರ್ಷ. ಬ್ಯಾಂಕಿನ ಪರೀಕ್ಷೆ ಬರೆಯುತ್ತೇನೆಂದು ಹಟ ಹಿಡಿದು ಓದುತ್ತಿದ್ದವಳು. ಅವಳ ಓದಿಗೆಂದೇ ಉಮೇಶ ಭಟ್ಕಳದಲ್ಲಿ ಯಾರೋ ಮುಚ್ಚಿದ ಅಂಗಡಿಯಿಂದ ಒಂದು ಹಳೆಯ ಕಂಪ್ಯೂಟರ್ ಕೊಂಡು, ಮಡಿಲಲ್ಲಿಟ್ಟುಕೊಂಡು ರಿಕ್ಷಾದಲ್ಲಿ ತಂದಿದ್ದನಂತೆ.

ಅವನಿಗೆ ಒಂದು ಚಟ. ಕಂಡದ್ದನ್ನೆಲ್ಲ ಫೋನಿನಲ್ಲಿ ವಿಡಿಯೋ ಮಾಡುವುದು. ಬಲೆ ಎಳೆಯುವುದು, ಬೋಟಿನ ಮುಂದೆ ಹಾರುವ ಮೀನು, ಅಪ್ಪ ಮಧ್ಯಾಹ್ನ ಬಾಯಿ ತೆರೆದು ಮಲಗಿರುವುದು, ತಂಗಿ ಕನ್ನಡಿಯೆದುರು ನಿಂತಿರುವುದು. ಫೋನು ತುಂಬಿದಾಗ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ ಫೋನನ್ನು ಖಾಲಿ ಮಾಡಿಕೊಳ್ಳುತ್ತಿದ್ದ.

ಆ ವರ್ಷ ಮಳೆಗಾಲದ ಬಿಡುವು ಮುಗಿದು ಮೀನುಗಾರಿಕೆ ಮತ್ತೆ ಶುರುವಾದ ಮೊದಲ ವಾರದಲ್ಲೇ ಬೋಟು ಅಳಿವೆಯಲ್ಲಿ — ನದಿ ಕಡಲು ಸೇರುವ ಜಾಗದಲ್ಲಿ — ಮರಳದಿಬ್ಬಕ್ಕೆ ತಾಗಿ ಮಗುಚಿತು. ಉಳಿದವರು ಈಜಿ ಬಂದರು. ಎಂಜಿನ್ ಕೋಣೆಯಲ್ಲಿದ್ದ ಉಮೇಶ ಬರಲಿಲ್ಲ. ಮೂರನೆಯ ದಿನ ದೇಹ ಸಿಕ್ಕಿತು. ಕೈಯಲ್ಲಿದ್ದ ಕಡಗದಿಂದ ಗುರುತು ಹಿಡಿದರು. ಮುಖವನ್ನು ತಾಯಿಗೆ ತೋರಿಸಲಿಲ್ಲ. ತೋರಿಸುವ ಹಾಗಿರಲಿಲ್ಲ.

ಫೋನು ಅವನ ಜೊತೆಗೇ ಹೋಗಿತ್ತು. ಗುರುತಿನ ಚೀಟಿಯಲ್ಲಿ ಒಂದು ಕಪ್ಪಗಿನ ಫೋಟೋ — ಅವನೋ ಇನ್ನೊಬ್ಬನೋ ಹೇಳಲಾಗದಂಥದ್ದು. ಉಳಿದ ಉಮೇಶನೆಲ್ಲ ಆ ಕಂಪ್ಯೂಟರಿನಲ್ಲಿದ್ದ.

ಮಾದೇವಕ್ಕ ಪೇಟೆಯಿಂದ ಬಂದು, ಕೈಕಾಲು ತೊಳೆದು, ಊಟಕ್ಕೂ ಮೊದಲು ಆ ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ವಿನುತಾ ಒಂದೊಂದಾಗಿ ಹಾಕಿ ತೋರಿಸುತ್ತಿದ್ದಳು. ಅವರು ಹೆಚ್ಚು ಸಲ ಕೇಳುತ್ತಿದ್ದ ವಿಡಿಯೋವನ್ನು ನಾನೂ ನೋಡಿದ್ದೇನೆ. ಅಂಗಳದಲ್ಲಿ ಕುಳಿತು ಅವರು ಬಂಗಡೆ ಹೆಚ್ಚುತ್ತಿರುತ್ತಾರೆ. "ಅಮ್ಮಾ, ಇತ್ಲಾಗೆ ನೋಡು" ಎಂದು ಹಿಂದಿನಿಂದ ಅವರ ಮನೆಮಾತು ಕೊಂಕಣಿಯಲ್ಲಿ ಸ್ವರ. "ಕೆಲ್ಸ ಇಲ್ಲ ನಿಂಗೆ" ಎಂದು ಇವರು ಮೀನಿನ ತಲೆಯನ್ನು ಕ್ಯಾಮೆರಾದತ್ತ ಎಸೆಯುತ್ತಾರೆ. ಆಮೇಲೆ ನಗು, ಬಹಳ ಹೊತ್ತು. ಆ ವಿಡಿಯೋದಲ್ಲಿ ಅವನ ಮುಖವೇ ಇಲ್ಲ, ನಗು ಮಾತ್ರ.

ನವೆಂಬರಿನ ಒಂದು ದಿನ ಮಾದೇವಕ್ಕ ಬುಟ್ಟಿಯನ್ನು ಕೆಳಗಿಟ್ಟು ಮೇಲೆ ನನ್ನ ಕೋಣೆಗೆ ಬಂದರು. ಪೇಟೆಯಲ್ಲಿ ಯಾರೋ ಹೆದರಿಸಿದ್ದರು.

"ವೈರಸ್ ಅಂದ್ರೆ ಎಂತದೇ ತಂಗಿ? ಕಂಪ್ಯೂಟರಲ್ಲಿ ಇದ್ದದ್ದೆಲ್ಲ ತಿಂದ್ಹಾಕ್ತದಂತೆ, ಹೌದಾ?"

"ಹೌದು. ಆದ್ರೆ ಬರ್ದಂಗೆ ಮಾಡ್ಲಿಕ್ಕೆ ಆಗ್ತದೆ" ಎಂದೆ.

"ಹಂಗಾರೆ ನಮ್ಮನೇದಕ್ಕೆ ಬರ್ದಂಗೆ ಮಾಡ್ಕೊಡು. ಒಳ್ಳೇದೇ ಹಾಕು. ನನ್ನ ಮಗ ಇದ್ದಾನೆ ಅದ್ರಲ್ಲಿ."

ನನ್ನ ಮಗನ ವಿಡಿಯೋ ಇದೆ ಎನ್ನಲಿಲ್ಲ. ಮಗ ಇದ್ದಾನೆ ಎಂದರು. ನಾನು ಅದನ್ನು ಕೇಳಿಸಿಕೊಂಡೆ. ಕೇಳಿಸಿಕೊಂಡೂ —

ಅಸಲಿ ಆಂಟಿವೈರಸ್ ಅಂಗಡಿಯಲ್ಲಿ ಮುಗಿದಿತ್ತು. ತರಿಸಲು ಮೂರು ದಿನ ಬೇಕಿತ್ತು. ನನ್ನ ಪೆನ್‌ಡ್ರೈವಿನಲ್ಲಿ ಕದ್ದ ಪ್ರತಿಯೊಂದಿತ್ತು, ಅದರ ಬೀಗ ಮುರಿಯುವ ಒಂದು ಪುಟ್ಟ ಪ್ರೋಗ್ರಾಮೂ ಇತ್ತು. ಹಿಂದೆ ಎಷ್ಟೋ ಮನೆಗಳಿಗೆ ಹಾಗೆಯೇ ಹಾಕಿ ಅಸಲಿಯ ಬೆಲೆ ತೆಗೆದುಕೊಂಡಿದ್ದೆ, ಏನೂ ಆಗಿರಲಿಲ್ಲ. ಹಳೆಯ ಪ್ರೋಗ್ರಾಮು ಕೆಲಸ ಮಾಡುವುದನ್ನು ನಿಲ್ಲಿಸಿದ್ದರಿಂದ ಹಿಂದಿನ ವಾರವಷ್ಟೇ ಹೊಸದೊಂದನ್ನು ಯಾವುದೋ ಜಾಲತಾಣದಿಂದ ಇಳಿಸಿಕೊಂಡಿದ್ದೆ. ಅದನ್ನು ಇನ್ನೂ ಎಲ್ಲಿಯೂ ಪರೀಕ್ಷಿಸಿರಲಿಲ್ಲ.

ಅದನ್ನೇ ತೆಗೆದುಕೊಂಡು ಆ ಮಧ್ಯಾಹ್ನ ಅವರ ಮನೆಗೆ ಹೋದೆ. ವಿನುತಾ ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು, ಪ್ರತಿಯೊಂದನ್ನೂ ಗಮನಿಸುತ್ತ. ಕಲಿಯುವ ಆಸೆ ಅವಳಿಗೆ. ನಾನು ಪೆನ್‌ಡ್ರೈವ್ ಸಿಕ್ಕಿಸಿ ಆ ಪ್ರೋಗ್ರಾಮನ್ನು ಒತ್ತಿದ ಕೂಡಲೇ ಪರದೆಯ ಮೂಲೆಯಲ್ಲಿ ಕೆಂಪು ಸೂಚನೆ ಬಂತು. ಕಂಪ್ಯೂಟರಿನೊಳಗೇ ಒಂದು ಕಾವಲು ಇರುತ್ತದೆ. ಅದು ತನ್ನ ಕೆಲಸ ಮಾಡಿತ್ತು.

"ಅಕ್ಕಾ, ಕೆಂಪಗೆ ಬಂತಲ್ಲ. ಅಪಾಯ ಅಂತ ಇದೆ."

"ಅದು ಸುಮ್ನೆ ಹೆದ್ರಿಸೂದು. ಎಂತಾ ಆಗೂದಿಲ್ಲ" ಎಂದು ನಾನು ಆ ಕಾವಲನ್ನು ಬಂದ್ ಮಾಡಿದೆ. ಮತ್ತೊಮ್ಮೆ ಒತ್ತಿದೆ. ಈ ಸಲ ಕೆಂಪು ಬರಲಿಲ್ಲ — ಹೇಳಬೇಕಾದವನ ಬಾಯಿಯನ್ನೇ ಮುಚ್ಚಿದ್ದೆನಲ್ಲ. ಒಂದು ಕ್ಷಣ ಕಪ್ಪು ಕಿಟಕಿಯೊಂದು ತೆರೆದು ಮುಚ್ಚಿಕೊಂಡಿತು. ಆಂಟಿವೈರಸ್ ಹಸಿರು ಗುರುತು ತೋರಿಸಿತು. ಕಾವಲನ್ನು ಮತ್ತೆ ಹಚ್ಚಲು ನಾನು ಮರೆತೆ. ಮರೆತೆನೋ, ಹಚ್ಚಿದರೆ ಮತ್ತೆ ಕೂಗುತ್ತದೆಂದು ಬಿಟ್ಟೆನೋ — ಈಗ ನನಗೇ ಹೇಳಲಾಗುವುದಿಲ್ಲ.

"ಅಕ್ಕಾ, ಅಣ್ಣನ ವಿಡಿಯೋ ಎಲ್ಲ ಒಂದ್ಸಲ ಪೆನ್‌ಡ್ರೈವಿಗೆ ಹಾಕಿಟ್ಕೊಳ್ಳಾ?" ವಿನುತಾ ಕೇಳಿದಳು.

"ಪೆನ್‌ಡ್ರೈವ್ ನಂಬಬೇಡ. ಬರೂ ವಾರ ನಾ ದೊಡ್ಡ ಡಿಸ್ಕ್ ತರ್ತೆ, ಅದ್ರಲ್ಲಿ ಹಾಕ್ವ."

ಮಾದೇವಕ್ಕ ಚಹಾ ಕೊಟ್ಟರು. ಹೊರಡುವಾಗ ಒಣ ಸಿಗಡಿಯನ್ನು ಕಾಗದದಲ್ಲಿ ಕಟ್ಟಿಕೊಟ್ಟರು. "ಇನ್ನು ಹೆದ್ರಿಕೆ ಇಲ್ಲಲ?" ಎಂದು ಬಾಗಿಲಲ್ಲಿ ಇನ್ನೊಮ್ಮೆ ಕೇಳಿದರು. ಇಲ್ಲ ಎಂದೆ.

ನಾಲ್ಕನೆಯ ದಿನ ಬೆಳಿಗ್ಗೆ ವಿನುತಾಳ ಫೋನು ಬಂತು. ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. "ಅಣ್ಣನ ಫೈಲೆಲ್ಲ ಬೆಳ್ಳಗಾಗಿದೆ ಅಕ್ಕಾ. ಹೆಸ್ರೆಲ್ಲ ಬೇರೆ ಆಗಿದೆ. ಯಾವುದೂ ತೆರೀತಿಲ್ಲ."

ಹೋಗುವ ದಾರಿಯಲ್ಲೇ, ಸೇತುವೆಯ ಮೇಲೆ, ನನಗೆ ಗೊತ್ತಾಗಿತ್ತು. ಆದರೂ ಬೇರೆ ಏನಾದರೂ ಇರಲಿ ಎಂದು —

ಬೇರೆ ಏನೂ ಇರಲಿಲ್ಲ. ಫೈಲುಗಳಿಗೆಲ್ಲ ಬೀಗ ಹಾಕಿ, ಬೀಗದಕೈ ಬೇಕಾದರೆ ಹಣ ಕೊಡಿ ಎನ್ನುವ ಜಾತಿಯ ವೈರಸ್ಸು. ಇಂಗ್ಲಿಷಿನಲ್ಲಿ ಒಂದು ಬೆದರಿಕೆಯ ಪತ್ರ ಪ್ರತಿ ಫೋಲ್ಡರಿನಲ್ಲೂ ಬಿದ್ದಿತ್ತು. ಎಲ್ಲಿಂದ ಶುರುವಾಯಿತೆಂದು ಹುಡುಕಿದೆ. ಎರಡು ನಿಮಿಷದಲ್ಲಿ ಸಿಕ್ಕಿತು. ನನ್ನ ಪೆನ್‌ಡ್ರೈವಿನಿಂದ ಹೋದ ಆ ಪುಟ್ಟ ಪ್ರೋಗ್ರಾಮು, ಅದೇ ಹೆಸರು, ನಾನು ಕೂತಿದ್ದ ಆ ಮಧ್ಯಾಹ್ನದ್ದೇ ಸಮಯ. ಮೂರು ದಿನ ಸುಮ್ಮನಿದ್ದು ಆಮೇಲೆ ಎದ್ದಿತ್ತು.

ನನ್ನ ಹಿಂದೆ ಮಾದೇವಕ್ಕ, ಗಣಪತಣ್ಣ, ವಿನುತಾ ನಿಂತಿದ್ದರು. ಪಕ್ಕದ ಮನೆಯ ಹೆಂಗಸರಿಬ್ಬರು ಬಾಗಿಲಲ್ಲಿದ್ದರು. ನಾನು ಆ ಫೈಲನ್ನು ಆರಿಸಿದೆ, ಅಳಿಸಿದೆ, ಕಸದ ಬುಟ್ಟಿಯಿಂದಲೂ ಖಾಲಿ ಮಾಡಿದೆ.

ಆ ಪತ್ರ ಹಣ ಕೇಳುತ್ತಿದೆಯೆಂದು ತಿಳಿದ ಮಾದೇವಕ್ಕನ ಕೈ ಕಿವಿಯ ಓಲೆಗೆ ಹೋಗಿತ್ತು. "ಅವ್ರು ಕೇಳಿದ್ದು ಕೊಟ್ಟುಬಿಡ್ವ. ಇದನ್ನ ಕೊಡ್ತೆ ನಾ."

"ಕೊಟ್ರೂ ಬರೂದಿಲ್ಲ ಮಾದೇವಕ್ಕ. ಕಳ್ಳರು ಅವ್ರು."

ಗಣಪತಣ್ಣ ನಿಧಾನವಾಗಿ ಕೇಳಿದರು: "ಇದು ಬಂದದ್ದಾದ್ರೂ ಎಂತಕ್ಕೆ?"

ಆಗ ನಾನು ಹೇಳಬಹುದಿತ್ತು. ಬಾಯಲ್ಲಿ ಆ ಮಾತು ಇತ್ತು ಕೂಡ. ಆದರೆ ಬಾಗಿಲಲ್ಲಿದ್ದ ಆ ಇಬ್ಬರು ಹೆಂಗಸರು ಕಂಡರು, ಸಂಜೆಯೊಳಗೆ ಕೇರಿಗೆಲ್ಲ ಹೋಗುವ ಸುದ್ದಿ ಕಂಡಿತು, ನನ್ನ ಅಂಗಡಿಯ ಬೋರ್ಡು ಕಂಡಿತು. ನಾನು ಹೇಳಿದ್ದು ಇದು:

"ಯಾರೋ ಬೇಡದ್ದು ಎಂತದೋ ಒತ್ತಿರ್ಬೇಕು."

ಆ ಮನೆಯಲ್ಲಿ ಕಂಪ್ಯೂಟರ್ ಮುಟ್ಟುವವರು ಒಬ್ಬರೇ. ಎಲ್ಲರೂ ತಿರುಗಿ ಅವಳನ್ನು ನೋಡಿದರು.

"ನಾ ಎಂತದೂ ಒತ್ತಲಿಲ್ಲ" ಎಂದಳು ವಿನುತಾ. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕಾ, ಅವತ್ತು ಕೆಂಪಗೆ ಬಂದಿತ್ತಲ್ಲ —"

"ಅದು ಬೇರೆ" ಎಂದೆ.

ಎರಡೇ ಶಬ್ದ. ಅವಳು ನನ್ನನ್ನೇ ನೋಡುತ್ತ ನಿಂತಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ನಾನು ಇನ್ನೇನೋ ಹೇಳುತ್ತೇನೆಂದು, ಹೇಳಿ ಸರಿಪಡಿಸುತ್ತೇನೆಂದು ಕಾಯುವ ಹಾಗಿತ್ತು.

ಮನೆಯಲ್ಲಿ ಅವರು ಆಡುವುದು ಕೊಂಕಣಿ. ಆದರೆ ಮಾದೇವಕ್ಕ ಆಗ ಮಗಳ ಎರಡೂ ತೋಳು ಹಿಡಿದು ಕನ್ನಡದಲ್ಲೇ ಕೇಳಿದರು. ನನಗೂ ಕೇಳಿಸಲಿ ಎಂದೋ, ಯಾವ ಭಾಷೆ ಎಂಬುದೇ ತಿಳಿಯದೆಯೋ. "ಅವ್ನ ಸ್ವರ ಎಲ್ಲಿ ಹಾಕ್ದೆ? ಹೇಳು. ಅವ್ನ ಸ್ವರ ಎಲ್ಲಿ ಹಾಕ್ದೆ ನೀನು?"

ಇಷ್ಟರಲ್ಲಿ ನನ್ನ ತಪ್ಪು ಮುಗಿದಿದ್ದರೆ, ಅದನ್ನು ಅಂಜಿಕೆ ಎಂದಾದರೂ ಕರೆಯಬಹುದಿತ್ತು. ಮುಗಿಯಲಿಲ್ಲ. ವಿನುತಾ ಕಣ್ಣೊರೆಸಿಕೊಂಡು, ಕುಮಟೆಯಲ್ಲಿ ರಮಾನಂದ ಎಂಬವರು ಹೋದ ಫೈಲುಗಳನ್ನು ತೆಗೆದುಕೊಡುತ್ತಾರಂತೆ, ಕಂಪ್ಯೂಟರನ್ನು ಹೀಗೇ ಬಿಟ್ಟು ಅವರಿಗೆ ತೋರಿಸೋಣ ಎಂದಳು. ರಮಾನಂದ ನನಗೆ ಗೊತ್ತು. ನನ್ನ ಹಾಗೆಯೇ ರಿಪೇರಿಯವರು, ನನಗಿಂತ ಚೆನ್ನಾಗಿ ಕೆಲಸ ಬಲ್ಲವರು. ಅವರು ಆ ಡಿಸ್ಕನ್ನು ತೆರೆದರೆ ಅಳಿಸಿದ ಫೈಲೂ ಕಾಣುತ್ತದೆ, ಅದು ಬಂದ ಪೆನ್‌ಡ್ರೈವಿನ ಗುರುತೂ ಕಾಣುತ್ತದೆ.

"ಹೀಗೇ ಇಡೂದು ಅಪಾಯ" ಎಂದೆ ನಾನು. "ವೈರಸ್ ಫೋನಿಗೂ ಹೋತದೆ. ಎಲ್ಲ ಒರೆಸಿ ಹೊಸದಾಗಿ ಮಾಡ್ಬೇಕು."

ಗಣಪತಣ್ಣ "ಮಾಡು, ಆತು" ಎಂದರು. ಅಲ್ಲಿಯೇ ಕೂತು ಡಿಸ್ಕನ್ನು ಫಾರ್ಮ್ಯಾಟ್ ಮಾಡಿದೆ. ಸುಮ್ಮನೆ ಮೇಲಿಂದ ಒರೆಸಿದ್ದರೆ ಬಲ್ಲವರು ಅಷ್ಟಿಷ್ಟು ತೆಗೆಯುತ್ತಾರೆ. ನಾನು ಹಾಗೆ ಒರೆಸಲಿಲ್ಲ. ಯಾರೂ ಏನನ್ನೂ ತೆಗೆಯಲಾಗದ ಹಾಗೆ, ಒಂದೊಂದು ಜಾಗದ ಮೇಲೂ ಸೊನ್ನೆ ಬರೆಯುತ್ತ ಹೋಗುವ ಬಗೆಯೊಂದಿದೆ, ಅದನ್ನು ಹಾಕಿದೆ. ಮೂರು ಗಂಟೆ ಹಿಡಿಯಿತು. ಮೂರು ಗಂಟೆಯೂ ಮಾದೇವಕ್ಕ ಗೋಡೆಗೆ ಒರಗಿ ಪರದೆಯನ್ನೇ ನೋಡುತ್ತ ಕೂತಿದ್ದರು, ಏನೋ ಬರುತ್ತದೆ ಎನ್ನುವ ಹಾಗೆ.

'ಬೇಡದ್ದು' ಎಂದೆನಲ್ಲ, ಆ ಶಬ್ದವನ್ನು ನಾನು ಆರಿಸಿದ್ದೆನೋ ಬಾಯಿಗೆ ಬಂದದ್ದೋ ತಿಳಿಯದು. ಆದರೆ ತಂದೆಯ ಕಿವಿಯಲ್ಲಿ ಅದು ಬೇರೆಯದೇ ಅರ್ಥ ಪಡೆಯಿತು. ಹರೆಯದ ಹುಡುಗಿ ಬಾಗಿಲು ಹಾಕಿಕೊಂಡು ಏನು ನೋಡುತ್ತಿದ್ದಳು? ಯಾರ ಜೊತೆ? ಬಾಗಿಲಲ್ಲಿದ್ದ ಹೆಂಗಸರು ಅದನ್ನು ಕೇರಿಗೆ ಒಯ್ದರು. ನಲ್ಲಿಯ ಹತ್ತಿರ, ಮೀನು ಒಣಗಿಸುವಲ್ಲಿ ಒಬ್ಬೊಬ್ಬರು ಒಂದೊಂದು ಸೇರಿಸಿದರು. ವಿನುತಾಳ ಫೋನು ಕಸಿದುಕೊಂಡರು. ಪರೀಕ್ಷೆಗೆ ಇನ್ನು ಕೆಲವೇ ತಿಂಗಳಿರುವಾಗ ಕಾಲೇಜು ಬಿಡಿಸಿದರು. ಬೇಸಿಗೆಯಲ್ಲಿ ಭಟ್ಕಳದ ಬಂದರಿನ ಹತ್ತಿರದ ಒಂದು ಮನೆಗೆ ಮದುವೆ ಮಾಡಿಕೊಟ್ಟರು. ಆ ಐದಾರು ತಿಂಗಳು ಮಾದೇವಕ್ಕ ಮಗಳ ಜೊತೆ ಮಾತಾಡಲಿಲ್ಲವಂತೆ. ತಾಟು ಮುಂದಿಡುತ್ತಿದ್ದರು, ಅಷ್ಟೇ. ಇದೆಲ್ಲ ನನಗೆ ಆಗಾಗ ಪೇಟೆಯಲ್ಲಿ ತಿಳಿಯುತ್ತಿತ್ತು. ಮದುವೆಗೆ ನನ್ನನ್ನೂ ಕರೆದಿದ್ದರು. ಕೆಲಸವಿದೆ ಎಂದು ಹೇಳಿ ಕಳಿಸಿದೆ.

ಒಂದೂವರೆ ವರ್ಷ ಕಳೆದಿರಬಹುದು. ಒಂದು ಮಧ್ಯಾಹ್ನ ಕುಮಟೆಯಿಂದ ರಮಾನಂದ ಫೋನು ಮಾಡಿದರು. ಸ್ವರದಲ್ಲಿ ಸಂತೋಷ. "ಆ ಬೀಗ ಹಾಕೂ ವೈರಸ್ ಇತ್ತಲ ಸುಜಾತಾ, ಅದ್ರ ಬೀಗದಕೈ ಸಿಕ್ತು. ಯಾರೋ ತಜ್ಞರು ಬಿಡಿಸಿ ಪುಕ್ಕಟೆ ಹಾಕಿದ್ದಾರೆ. ನಾ ಒಬ್ರ ಡಿಸ್ಕ್ ಹಂಗೇ ಕಟ್ಟಿ ಇಟ್ಟಿದ್ದೆ. ಇವತ್ತು ಹಾಕಿ ನೋಡ್ದೆ, ಒಂದೂ ಬಿಡದೆ ಎಲ್ಲ ಬಂತು ಮಾರಾಯ್ತಿ. ನಿಮ್ಮ ಗಿರಾಕಿ ಯಾರಿಗಾದ್ರೂ ಬಂದಿತ್ತಾ?"

ಅವರು ಫೈಲುಗಳ ಕೊನೆಗೆ ಸೇರಿಕೊಳ್ಳುವ ಆ ವಿಚಿತ್ರ ಹೆಸರನ್ನು ಹೇಳಿದರು. ಅದೇ ಹೆಸರು.

"ಇಲ್ಲ" ಎಂದೆ.

ಬೀಗ ಹಾಕಿದ ಫೈಲು ಸತ್ತ ಫೈಲಲ್ಲ. ಒಳಗೆ ಎಲ್ಲವೂ ಇರುತ್ತದೆ. ಉಮೇಶ ಆ ಡಿಸ್ಕಿನಲ್ಲಿ ಇದ್ದ. ಕಾಯುವುದಷ್ಟೇ ಬೇಕಿತ್ತು. ಹಳೆಯ ಸೀರೆಯಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟಿದ್ದರೆ ಸಾಕಿತ್ತು. ವೈರಸ್ಸು ಅವನನ್ನು ಬಂಧಿಸಿತ್ತು. ಅಳಿಸಿದ್ದು ನಾನು, ಸೊನ್ನೆ ಬರೆದು, ಅವನ ತಾಯಿಯ ಕಣ್ಣೆದುರಿಗೇ.

ಆಗಲೂ ಹೇಳಲಿಲ್ಲ. ಹೇಳಿದರೆ ಈಗ ಏನು ಉಪಯೋಗ ಎಂದುಕೊಂಡೆ. ವಿನುತಾ ಸಂಸಾರ ಮಾಡಿಕೊಂಡಿದ್ದಾಳೆ, ಹಳೆಯದನ್ನು ಕೆದಕಬಾರದು ಎಂದುಕೊಂಡೆ. ಇಂಥ ಮಾತುಗಳನ್ನು ನನಗೆ ನಾನೇ ಎಷ್ಟು ಚೆನ್ನಾಗಿ ಹೇಳಿಕೊಳ್ಳುತ್ತಿದ್ದೆ! ಮೂರನೆಯ ವರ್ಷ ಗಣಪತಣ್ಣ ಬಲೆ ಕಟ್ಟುತ್ತ ಕೂತಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು. ಆ ಸುದ್ದಿ ಬಂದಾಗ — ಇದನ್ನೂ ಬರೆಯಲೇಬೇಕು — ದುಃಖಕ್ಕಿಂತ ಮೊದಲು ನನ್ನ ಮನಸ್ಸಿಗೆ ಬಂದದ್ದು, ಕೇಳುವವರು ಒಬ್ಬರು ಕಡಿಮೆಯಾದರು ಎಂಬ ಸಮಾಧಾನ.

ಈ ವರ್ಷ ಮಳೆ ಹಿಂದಾದ ಮೇಲೆ ಮಾದೇವಕ್ಕ ಅಂಗಡಿಗೆ ಬಂದರು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು. ಕೈಚೀಲದಿಂದ ಟವೆಲಿನಲ್ಲಿ ಸುತ್ತಿದ ಏನನ್ನೋ ತೆಗೆದು ಮೇಜಿನ ಮೇಲಿಟ್ಟರು. ಆ ಕಂಪ್ಯೂಟರಿನ ಡಿಸ್ಕು. ಕಂಪ್ಯೂಟರ್ ಕೆಟ್ಟು ಗುಜರಿಗೆ ಹೋಗುವಾಗ ಇದೊಂದನ್ನು ಬಿಚ್ಚಿಸಿ ಇಟ್ಟುಕೊಂಡಿದ್ದರಂತೆ.

"ಈಗೆಲ್ಲ ಹೊಸಾ ಹೊಸಾದು ಬಂದಿದ್ಯಂತಲೇ ತಂಗಿ. ಹೋದದ್ದೂ ಬತ್ತದಂತೆ. ಒಂದ್ಸಲ ನೋಡು. ಮುಖ ಬರ್ದಿದ್ರೂ ಅಡ್ಡಿಲ್ಲ. ಸ್ವರ ಆದ್ರೂ ಬತ್ತದಾ ನೋಡು."

ನೋಡುತ್ತೇನೆ, ನಾಲ್ಕು ದಿನ ಬಿಟ್ಟು ಬನ್ನಿ ಎನ್ನಬಹುದಿತ್ತು. ಬರಲಿಲ್ಲ ಎಂದು ಆಮೇಲೆ ಹೇಳಬಹುದಿತ್ತು. ಆ ಮಾತು ಬಾಯಿಯವರೆಗೂ ಬಂತು. ಆದರೆ ಅವರು ಆ ಟವೆಲನ್ನು ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು, ಮಗುವನ್ನು ಡಾಕ್ಟರ ಕೈಗೆ ಕೊಟ್ಟು ಬಟ್ಟೆ ಮಡಚುವವರ ಹಾಗೆ. ನನ್ನಿಂದ ಆಗಲಿಲ್ಲ.

ಹೇಳಿದೆ. ಪೆನ್‌ಡ್ರೈವ್, ಕೆಂಪು ಸೂಚನೆ, ಅಳಿಸಿದ ಫೈಲು, ಸೊನ್ನೆ ಬರೆದದ್ದು, ಕುಮಟೆಯ ಫೋನು, ಎಲ್ಲ. ಅವರಿಗೆ ಅರ್ಥವಾಗದ ಶಬ್ದಗಳನ್ನು ಬಿಡಿಸಿ ಹೇಳಿದೆ. ಏನನ್ನೂ ಬಿಡಲಿಲ್ಲ.

ಅವರು ಡಿಸ್ಕಿನ ಮೇಲೆ ಕೈಯಿಟ್ಟರು. ಬೈಯುತ್ತಾರೆ, ಹೊಡೆಯುತ್ತಾರೆ ಎಂದು ಕಾದೆ.

"ಹಂಗಾರೆ ವಿನುತಾ ಒತ್ತಿದ್ದಲ್ಲ" ಎಂದರು.

"ಅಲ್ಲ."

"ಒಟ್ಟೂ ಅಲ್ಲ?"

"ಒಟ್ಟೂ ಅಲ್ಲ ಮಾದೇವಕ್ಕ. ಅವ್ಳು ಬೇಡ ಅಂತಲೇ ಹೇಳಿದ್ದು."

ಆಮೇಲೆ, ನನಗಲ್ಲ, ಕಿಟಕಿಯ ಕಡೆ ನೋಡುತ್ತ: "ಮೊದಲನೇ ಬಾಳಂತನಕ್ಕೆ ಅವಳ್ನ ಮನೆಗೆ ತರ್ಲಿಲ್ಲ ನಾನು."

ಹೆಣ್ಣು ಹೆತ್ತವರಿಗೆ ಆ ಮಾತಿನ ಭಾರ ಗೊತ್ತು. ನಾನು ತಲೆ ತಗ್ಗಿಸಿದೆ. ಅವರು ಎದ್ದರು. "ನಡಿ. ಬಸ್ಸಿಗೆ ಹೋಗ್ವ. ನನ್ಹತ್ರ ಹೇಳಿದ್ದು ಅವ್ಳ ಹತ್ರ ಹೇಳು."

ಭಟ್ಕಳದವರೆಗೆ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತಿದ್ದೆವು. ಬಂದರಿನ ಹತ್ತಿರ ಇಳಿದು ನಡೆದಾಗ ವಿನುತಾ ಅಂಗಳದಲ್ಲಿ ಮೀನು ಒಣಹಾಕುತ್ತಿದ್ದಳು. ಗಂಡ ಕಡಲಿಗೆ ಹೋಗಿದ್ದ. ಅತ್ತೆ ಜಗಲಿಯಲ್ಲಿ ಕೂತಿದ್ದರು. ಮೂರು ವರ್ಷದ ಹೆಣ್ಣುಮಗು ಅವಳ ಸೀರೆಯ ಸೆರಗು ಹಿಡಿದು ನಿಂತಿತ್ತು. ತಾಯಿಯನ್ನು ಕಂಡು ಅವಳ ಮುಖದಲ್ಲಿ ಏನೋ ಎದ್ದಿತು. ಹಿಂದೆ ನನ್ನನ್ನು ಕಂಡದ್ದೇ ಅದು ಆರಿತು.

ಅತ್ತೆಯೂ ಕೇಳುವ ಹಾಗೆ ನಿಂತುಕೊಂಡೇ ಹೇಳಿದೆ. ಅವಳು ಮೀನು ತಿರುವಿ ಹಾಕುವುದನ್ನು ನಿಲ್ಲಿಸಲಿಲ್ಲ. ನಾನು ಮುಗಿಸಿದ ಮೇಲೆ ಕೈ ಒರೆಸಿಕೊಂಡಳು.

"ನಂಗೆ ಅವತ್ತೇ ಗೊತ್ತಿತ್ತು. ನೀವು ಆ ಫೈಲು ಅಳಿಸೂದು ನಾ ನೋಡಿದ್ದೆ."

"ಮತ್ತೆ ನೀನು —"

"ಯಾರ ಹತ್ರ ಹೇಳೂದು? ನೀವು ಕಲ್ತವ್ರು. ನಾ ತಪ್ಪು ಮಾಡಿದವ್ಳು. ಯಾರು ನಂಬ್ತಿದ್ರು?"

ಆಗ ಮಾದೇವಕ್ಕ ಅಂಗಳದ ತುದಿಯಲ್ಲೇ ಕುಸಿದು ಕೂತರು. ಅಳಲಿಲ್ಲ. ಎರಡೂ ಕೈಯನ್ನು ಮಡಿಲಲ್ಲಿ ಮಗುಚಿ ಇಟ್ಟುಕೊಂಡು ಕೂತರು. ವಿನುತಾ ಅವರತ್ತ ನೋಡಿದಳು, ಆಮೇಲೆ ನನ್ನತ್ತ.

"ಅಮ್ಮನಿಗೆ ಹೇಳಿದ್ರಿ. ನಂಗೆ ಹೇಳಿದ್ರಿ. ಅಪ್ಪ ಸಾಯೂವರೆಗೂ ನನ್ನ ಮುಖ ನೋಡಿ ಮಾತಾಡ್ಲಿಲ್ಲ. ಅಪ್ಪನಿಗೆ ಯಾರು ಹೇಳ್ತಾರೆ ಈಗ?"

ಕ್ಷಮಿಸು ಎಂಬ ಶಬ್ದ ನಾನು ತೆಗೆಯುವ ಮೊದಲೇ ಅವಳು ಕೈ ಅಡ್ಡ ಹಿಡಿದಳು. "ಅದು ಬೇಡ. ಕಾಸರಕೋಡಲ್ಲಿ ನನ್ನ ಹೆಸ್ರು ಹೆಂಗೆ ಹೋತು ಅಂತ ನಿಮ್ಗೆ ಗೊತ್ತುಂಟು. ಅಲ್ಲಿ ಹೋಗಿ ಹೇಳಿ. ಒಂದೊಂದು ಮನೇಲೂ." ಆಮೇಲೆ ತಾಯಿಗೆ: "ನೀ ಉಳಿ. ಅವ್ರು ಹೋಗ್ಲಿ."

ನಾನು ಹೊರಟೆ. ತಿರುಗಿ ನೋಡಲಿಲ್ಲ. ನೋಡುವ ಹಕ್ಕು ನನಗಿರಲಿಲ್ಲ. ಹಿಂದಿನಿಂದ ಮಗು ಅಜ್ಜಿಯ ಹೆಸರು ಕೇಳುತ್ತಿರುವುದು ಕಿವಿಗೆ ಬಿತ್ತು. ಮೂರು ವರ್ಷದ ಮಗು, ಅಜ್ಜಿಯನ್ನು ಗುರುತು ಮಾಡಿಕೊಳ್ಳುತ್ತಿತ್ತು.

ಮರುದಿನದಿಂದ ಶುರು ಮಾಡಿದ್ದೇನೆ. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಸೇತುವೆ ದಾಟಿ ಆ ಕೇರಿಗೆ ಹೋಗುತ್ತೇನೆ. ಅಂದು ಬಾಗಿಲಲ್ಲಿ ನಿಂತಿದ್ದ ಆ ಇಬ್ಬರು ಹೆಂಗಸರ ಮನೆಗೇ ಮೊದಲು ಹೋದೆ. ಒಬ್ಬರು ಕೇಳಿ ಬಾಗಿಲು ಹಾಕಿಕೊಂಡರು. ಇನ್ನೊಬ್ಬರು "ಈಗ ಬಂದ್ಯಾ?" ಎಂದು ನನ್ನ ಕಾಲಿನ ಹತ್ತಿರ ಉಗುಳಿದರು. ಒಂದು ಮನೆಯಲ್ಲಿ, ಅದೆಲ್ಲ ಯಾರಿಗೆ ನೆನಪಿದೆ ಮಾರಾಯ್ತಿ, ಬಿಡು, ಎಂದು ಚಹಾಕ್ಕೆ ಕರೆದರು. ಆ ಚಹಾ ನಾನು ಕುಡಿಯಲಿಲ್ಲ. ಕೆಲವರು ಅರ್ಧ ಕೇಳಿ ಒಳಗೆ ಹೋಗುತ್ತಾರೆ. ಅವರು ಮತ್ತೆ ಹೊರಗೆ ಬರುವವರೆಗೆ ನಿಂತು ಉಳಿದದ್ದನ್ನು ಹೇಳುತ್ತೇನೆ. ಹೇಳುವುದು ಎಲ್ಲ ಕಡೆ ಒಂದೇ: ವಿನುತಾ ಏನೂ ಮಾಡಿರಲಿಲ್ಲ, ಮಾಡಿದ್ದು ನಾನು. ಹೇಳಿ ಹೇಳಿ ಅದು ಹಗುರವಾಗುತ್ತದೆ ಎಂದುಕೊಂಡಿದ್ದೆ. ಆಗುವುದಿಲ್ಲ.

ನಾನು ಮನೆಗೆ ಹೋಗಿ ಹೇಳಲಾಗದವರು ಓದಲಿ ಎಂದು ಇದನ್ನು ಬರೆದಿದ್ದೇನೆ. ಕೇರಿಯಲ್ಲಿ ಇನ್ನು ಹನ್ನೊಂದು ಮನೆ ಉಳಿದಿವೆ. ನಾಳೆ ಕಡಲಂಚಿನ ಸಾಲಿಗೆ ಹೋಗಬೇಕು.